ಇದ್ದಡ, ಇಲ್ಯಡ: ಎರಡು ಸರ್ಕಾರಗಳ ನಡುವಿನ ಗುಟ್ಟು

ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹವ್ಯಕರ ಮಾತಿಗೆ ಒಂದು ಪುಟ್ಟ ಬಾಲ ಇದೆ: ‘ಅಡ’. ಬೆಂಗಳೂರಿನವರು ‘ಅಂತೆ’ ಅನ್ನುವಲ್ಲಿ ಇವರು ‘ಅಡ’ ಅನ್ನುತ್ತಾರೆ. ವರದಿ ಬೈಂದಡ. ಅದ್ರಲ್ಲಿ ನಮ್ಮೂರ ಹೆಸರು ಇದ್ದಡ. ನಾನು ಕಣ್ಣಾರೆ ಕಂಡಿಲ್ಲ, ಯಾರೋ ಹೇಳಿದ್ದನ್ನು ದಾಟಿಸುತ್ತಿದ್ದೇನೆ ಅನ್ನುವ ಎಚ್ಚರಿಕೆ ಆ ಎರಡಕ್ಷರದಲ್ಲಿ ಇದೆ. ಒಂದು ರೀತಿಯಲ್ಲಿ ಬಹಳ ಪ್ರಾಮಾಣಿಕ ಪ್ರತ್ಯಯ ಅದು. ತೊಂದರೆ ಏನೆಂದರೆ, ಕಳೆದ ಹದಿನೈದು ವರ್ಷಗಳಲ್ಲಿ ಪಶ್ಚಿಮಘಟ್ಟದ ಬಗ್ಗೆ ಇಲ್ಲಿನ ಜನರಿಗೆ ಸರ್ಕಾರದಿಂದ ತಲುಪಿದ ಹೆಚ್ಚಿನ ಸಂಗತಿಗಳು ಈ ಬಾಲ ಅಂಟಿಸಿಕೊಂಡೇ ಬಂದಿವೆ. ಅಡಿಕೆ ತೋಟಕ್ಕೆ ಗೊಬ್ಬರ ಹಾಕೋ ಹಾಗಿಲ್ಲವಂತೆ. ಮನೆ ರಿಪೇರಿಗೂ ದೆಹಲಿಯ ಪರ್ಮಿಷನ್ ಬೇಕಂತೆ. ಊರೇ ಎಬ್ಬಿಸ್ತಾರಂತೆ. ನದಿ ತಿರುಗಿಸ್ತಾರಂತೆ.

ಇದಕ್ಕೆ ಜನರ ಅಜ್ಞಾನವೇ ಕಾರಣ ಅಂತ ನಗರದಲ್ಲಿ ಕೂತು ಹೇಳುವುದು ಸುಲಭ. ಆದರೆ ಕಾಗದ ಎಲ್ಲಿತ್ತು ಅಂತ ಕೇಳಿದರೆ ಉತ್ತರ ಬೇರೆಯೇ ಇದೆ. ಕಾಗದ ದೆಹಲಿಯ ಒಂದು ಸಚಿವಾಲಯ ಮತ್ತು ಆರು ರಾಜ್ಯಗಳ ರಾಜಧಾನಿಗಳ ನಡುವೆ ಓಡಾಡುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ ಸಿಗಬಹುದಾದ ಉತ್ತರ ನಮಗೆಲ್ಲ ಬಾಯಿಪಾಠ: ‘ಅದು ಕೇಂದ್ರ-ರಾಜ್ಯ ಸರ್ಕಾರಗಳ ನಡುವಿನ ವಿಷಯ, ನಾವು ಹೇಳೋಕೆ ಬರಲ್ಲ.’ ಈ ಒಂದು ವಾಕ್ಯವನ್ನೇ ಇವತ್ತು ಸ್ವಲ್ಪ ವಿಮರ್ಶೆಗೆ ಒಡ್ಡೋಣ. ಕೇಳೋದಕ್ಕೆ ತೂಕವಾಗಿದೆ, ಕಾನೂನಿನ ವಾಸನೆಯೂ ಇದೆ. ಆದರೆ ಕಾನೂನಿನಲ್ಲಿ ಅದು ಇದೆಯಾ?

ಒಂದು ಕಾಲದಲ್ಲಿ ಇತ್ತು. ಈಗಿನ ಮಾಹಿತಿ ಹಕ್ಕು ಕಾಯ್ದೆಗಿಂತ ಮುಂಚೆ ಸಂಸತ್ತು 2002ರಲ್ಲಿ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಅಂತ ಒಂದನ್ನು ಪಾಸು ಮಾಡಿತ್ತು. ಅದರ ವಿನಾಯಿತಿಗಳ ಪಟ್ಟಿಯಲ್ಲಿ ಒಂದು ಕಲಂ ಹೀಗಿತ್ತು: ಕೇಂದ್ರ-ರಾಜ್ಯ ಸಂಬಂಧಗಳ ನಿರ್ವಹಣೆಗೆ ಧಕ್ಕೆ ತರುವ ಮಾಹಿತಿಯನ್ನು ಕೊಡಬೇಕಾಗಿಲ್ಲ, ಎರಡೂ ಸರ್ಕಾರಗಳು ಅಥವಾ ಅವುಗಳ ಸಂಸ್ಥೆಗಳು ಪರಸ್ಪರ ವಿಶ್ವಾಸದಲ್ಲಿ ಹಂಚಿಕೊಂಡ ಮಾಹಿತಿಯೂ ಇದರಲ್ಲಿ ಸೇರುತ್ತದೆ. ಆ ಕಾಯ್ದೆ ಜಾರಿಗೇ ಬರಲಿಲ್ಲ. 2005ರಲ್ಲಿ ಬಂದ ಆರ್‌ಟಿಐ ಕಾಯ್ದೆ ಅದನ್ನು ರದ್ದು ಮಾಡಿತು. ಹೊಸ ಕಾಯ್ದೆಯ ಸೆಕ್ಷನ್ 8ರಲ್ಲಿ ದೇಶದ ಸಾರ್ವಭೌಮತೆ ಇದೆ, ಭದ್ರತೆ ಇದೆ, ವಿದೇಶಗಳ ಜೊತೆಗಿನ ಸಂಬಂಧ ಇದೆ, ವಿದೇಶಿ ಸರ್ಕಾರ ಗುಟ್ಟಾಗಿ ಕೊಟ್ಟ ಮಾಹಿತಿ ಇದೆ, ಸಚಿವ ಸಂಪುಟದ ಕಾಗದಪತ್ರ ಇದೆ. ಕೇಂದ್ರ-ರಾಜ್ಯ ಸಂಬಂಧ ಮಾತ್ರ ಇಲ್ಲ.

ಇದನ್ನು ಸ್ವಲ್ಪ ನಿಂತು ನೋಡಬೇಕು. ವಿದೇಶಿ ಸರ್ಕಾರದ ಗುಟ್ಟಿಗೆ ರಕ್ಷಣೆ ಉಳಿಯಿತು, ರಾಜ್ಯ ಸರ್ಕಾರದ ಗುಟ್ಟಿಗೆ ಇದ್ದ ರಕ್ಷಣೆ ಹೋಯಿತು. ಅದರ ಅರ್ಥ ಸರಳ. ಕರ್ನಾಟಕ ಭಾರತಕ್ಕೆ ವಿದೇಶವಲ್ಲ. ಎರಡೂ ಸರ್ಕಾರಗಳನ್ನು ಆರಿಸಿದ್ದು ಒಬ್ಬನೇ ಮತದಾರ. ಬನವಾಸಿಯ ಒಬ್ಬ ರೈತ ಲೋಕಸಭೆಗೂ ಓಟು ಹಾಕುತ್ತಾನೆ, ವಿಧಾನಸಭೆಗೂ ಹಾಕುತ್ತಾನೆ. ಅವನು ನೇಮಿಸಿದ ಇಬ್ಬರು ಮ್ಯಾನೇಜರುಗಳು ಅವನದೇ ಜಮೀನಿನ ಬಗ್ಗೆ ಪತ್ರ ಬರೆದುಕೊಂಡು, ‘ಇದು ನಮ್ಮಿಬ್ಬರ ನಡುವಿನ ವಿಷಯ’ ಅಂದರೆ ಹೇಗೆ?

ಆದರೂ ಆ ವಾಕ್ಯ ಸಾಯಲಿಲ್ಲ. ಕಾಯ್ದೆಯಿಂದ ಹೊರಗೆ ಹೋದದ್ದು ಅಭ್ಯಾಸದಲ್ಲಿ ಉಳಿಯಿತು. ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಘಟ್ಟದ್ದೇ.

2010ರ ಮಾರ್ಚಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿ ರಚಿಸಿತು. ಸಮಿತಿ 2011ರ ಆಗಸ್ಟ್ 31ಕ್ಕೆ ವರದಿ ಕೊಟ್ಟಿತು. ಗುಜರಾತಿನಿಂದ ತಮಿಳುನಾಡಿನವರೆಗೆ ಆರು ರಾಜ್ಯಗಳ ಘಟ್ಟವನ್ನು ಮೂರು ಹಂತದ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿದ ವರದಿ ಅದು. ಇದೇ ಅಂತಿಮ ಅಲ್ಲ, ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ಕೆಳಗಿನಿಂದ ತೀರ್ಮಾನವಾಗಬೇಕು ಅನ್ನುವುದು ವರದಿಯ ಮೂಲ ಆಶಯ. ಅಂದರೆ ಗ್ರಾಮಸಭೆಯಲ್ಲಿ ಓದಲಿಕ್ಕೆಂದೇ ಬರೆದ ವರದಿ. ಅದನ್ನು ಸಚಿವಾಲಯ ಬೀರುವಿನಲ್ಲಿ ಇಟ್ಟಿತು.

ಕೇರಳದ ಒಬ್ಬ ಅರ್ಜಿದಾರರು ಆರ್‌ಟಿಐ ಹಾಕಿ ಕೇಳಿದರು. ಅವರ ಆಸಕ್ತಿ ಮುಖ್ಯವಾಗಿ ಅತಿರಪ್ಪಿಳ್ಳಿ ಜಲವಿದ್ಯುತ್ ಯೋಜನೆಯ ಬಗ್ಗೆ. ಸಚಿವಾಲಯದ ಉತ್ತರದ ಸಾರ ಇಷ್ಟು: ವರದಿ ಇನ್ನೂ ಅಂತಿಮವಲ್ಲ, ರಾಜ್ಯ ಸರ್ಕಾರಗಳ ಜೊತೆ ಸಮಾಲೋಚನೆ ನಡೆಯುತ್ತಿದೆ, ಈಗಲೇ ಬಹಿರಂಗ ಮಾಡಿದರೆ ದೇಶದ ವೈಜ್ಞಾನಿಕ ಮತ್ತು ಆರ್ಥಿಕ ಹಿತಾಸಕ್ತಿಗೆ ಧಕ್ಕೆ. ಕೊನೆಯ ಮಾತಿಗೆ ಆಧಾರ ಸೆಕ್ಷನ್ 8(1)(ಎ). ಅದೇ ಕಲಮಿನಲ್ಲಿ ದೇಶದ ಸಾರ್ವಭೌಮತೆ, ಭದ್ರತೆ ಎಲ್ಲ ಇರೋದು. ಕಪ್ಪೆ, ಹೊಳೆ, ಇಳಿಜಾರು, ಗಣಿಗಳ ಬಗ್ಗೆ ಬರೆದ ವರದಿಗೆ ಸೇನೆಯ ನಕ್ಷೆಗೆ ಹಾಕುವ ಬೀಗ!

2012ರ ಏಪ್ರಿಲ್ 9ರಂದು ಕೇಂದ್ರ ಮಾಹಿತಿ ಆಯುಕ್ತ ಶೈಲೇಶ್ ಗಾಂಧಿ ಆ ಬೀಗ ಒಡೆದರು. ವರದಿ ಕೊಡಿ, ವೆಬ್‌ಸೈಟಿಗೂ ಹಾಕಿ ಅಂತ ಆದೇಶ. ಅಷ್ಟೇ ಅಲ್ಲ, ಮುಂದೆ ಇಂಥ ಸಮಿತಿಗಳ ವರದಿಗಳನ್ನು, ವಿನಾಯಿತಿ ಅನ್ವಯವಾಗದ ಹೊರತು, ಕೈಸೇರಿದ 30 ದಿನಗಳೊಳಗೆ ತಾನಾಗಿಯೇ ಪ್ರಕಟಿಸಿ ಅಂತಲೂ ಹೇಳಿದರು. ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಯಿತು. ವರದಿ ಹೊರಬಂದರೆ ಸೂಕ್ಷ್ಮ ವಲಯ ಘೋಷಿಸಿ ಅಂತ ಜನರಿಂದ, ಸಂಘಸಂಸ್ಥೆಗಳಿಂದ ಪ್ರಸ್ತಾವಗಳ ಮಹಾಪೂರವೇ ಬಂದೀತು ಅನ್ನುವುದೂ ಅದರ ವಾದಗಳಲ್ಲಿ ಒಂದು. ಜನ ಅರ್ಜಿ ಕೊಡುತ್ತಾರೆ ಅನ್ನೋದೇ ಭಯ, ನೋಡಿ. ಮೇ 17ರಂದು ಹೈಕೋರ್ಟು ಸಚಿವಾಲಯದ ಅರ್ಜಿ ವಜಾ ಮಾಡಿತು. ಸಮಿತಿಯ ಮಟ್ಟಿಗೆ ವರದಿ ಅಂತಿಮವೇ, ಸರ್ಕಾರ ಅದನ್ನು ಒಪ್ಪಿತೋ ಬಿಟ್ಟಿತೋ ಅನ್ನೋದು ಬೇರೆ ಮಾತು, ನೀತಿ ರೂಪುಗೊಳ್ಳುವ ಮೊದಲೇ ಜನ ಅಭಿಪ್ರಾಯ ಹೇಳಲು ಅವಕಾಶ ಇರಬೇಕು ಅನ್ನುವ ಧಾಟಿಯ ತೀರ್ಪು. ಮೇ 23ಕ್ಕೆ ವರದಿ ವೆಬ್‌ಸೈಟಿಗೆ ಬಂತು. ಜೊತೆಗೊಂದು ಎಚ್ಚರಿಕೆಯ ಸಾಲು: ಸಚಿವಾಲಯ ಇದನ್ನು ವಿಧ್ಯುಕ್ತವಾಗಿ ಒಪ್ಪಿಲ್ಲ, ಇನ್ನೂ ಪರಿಶೀಲಿಸುತ್ತಿದೆ. ಅದೇ ಆಗಸ್ಟಿನಲ್ಲಿ ಕಸ್ತೂರಿರಂಗನ್ ನೇತೃತ್ವದ ಇನ್ನೊಂದು ಸಮಿತಿ ಬಂತು.

ಗೆದ್ದಾಯಿತಲ್ಲ, ಇನ್ನೇನು ಅಂತ ಕೇಳಬಹುದು. ಆದರೆ ಆಗಸ್ಟಿನಿಂದ ಮೇ ತನಕದ ಸುಮಾರು ಒಂಬತ್ತು ತಿಂಗಳಲ್ಲಿ ಏನಾಯಿತು ಅನ್ನೋದನ್ನು ಲೆಕ್ಕಕ್ಕೆ ಹಿಡಿಯಬೇಕು. ಮಾಹಿತಿ ಇಲ್ಲದ ಜಾಗ ಖಾಲಿ ಉಳಿಯೋದಿಲ್ಲ. ಗಣಿ, ಕ್ವಾರಿ, ದೊಡ್ಡ ನಿರ್ಮಾಣಗಳಲ್ಲಿ ಹಣ ಹೂಡಿದವರಿಗೆ ವರದಿಯಲ್ಲಿ ಏನಿರಬಹುದು ಅನ್ನುವ ಅಂದಾಜು ಬೇಗ ಸಿಗುತ್ತದೆ, ಯಾಕೆಂದರೆ ಅವರಿಗೆ ರಾಜಧಾನಿಯಲ್ಲಿ ಪರಿಚಯದವರಿದ್ದಾರೆ. ಮೂರೆಕರೆ ತೋಟ, ಅದಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟ ಇರುವವನಿಗೆ ಸಿಗುವುದು ಅಂತೆಕಂತೆ ಮಾತ್ರ. ಮೊದಲು ತಲುಪಿದ ಸುದ್ದಿಯೇ ಮನಸ್ಸಿನಲ್ಲಿ ಗೂಟ ಹೊಡೆದುಕೊಳ್ಳುತ್ತದೆ. ಆಮೇಲೆ ನೂರಾರು ಪುಟದ ಇಂಗ್ಲಿಷ್ ಪಿಡಿಎಫ್ ಬಂದರೆ ಅದನ್ನು ಕೀಳೋರು ಯಾರು?

ಇಲ್ಲಿ ನಮ್ಮ ಕಡೆಯವರನ್ನು, ಅಂದರೆ ವರದಿಯ ಪರ ನಗರಗಳಲ್ಲಿ ಬರೆದವರನ್ನು, ಶೇರ್ ಮಾಡಿದವರನ್ನು ಬಿಟ್ಟುಬಿಟ್ಟರೆ ವಿಮರ್ಶೆ ಅರ್ಧವೇ. ಘಟ್ಟ ಉಳಿಸಿ ಅಂತ ನಾವು ಪೋಸ್ಟ್ ಹಾಕಿದೆವು. ತನ್ನ ಸರ್ವೆ ನಂಬರು ಯಾವ ವಲಯದಲ್ಲಿದೆ, ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅಂತ ತೋಟದವನು ಕೇಳಿದರೆ ಕನ್ನಡದಲ್ಲಿ ಒಂದು ಪುಟದ ಉತ್ತರ ನಮ್ಮಲ್ಲೂ ಬಹುಮಟ್ಟಿಗೆ ಇರಲಿಲ್ಲ. ಸರ್ಕಾರ ಗುಟ್ಟು ಮಾಡಿತು, ನಾವು ಘೋಷಣೆ ಮಾಡಿದೆವು. ಎರಡರಲ್ಲೂ ಮಾಹಿತಿ ಇರಲಿಲ್ಲ.

ಹಾಗಂತ ವಿರೋಧಿಸಿದವರ ಪ್ರಶ್ನೆಗಳೆಲ್ಲ ಗಾಳಿಮಾತು ಅಲ್ಲ. ಕಸ್ತೂರಿರಂಗನ್ ಸಮಿತಿ 2013ರ ಏಪ್ರಿಲ್‌ನಲ್ಲಿ ಕೊಟ್ಟ ವರದಿ ಉಪಗ್ರಹ ಚಿತ್ರಗಳನ್ನು ಆಧರಿಸಿ ಇಡೀ ಗ್ರಾಮವನ್ನೇ ಒಂದು ಘಟಕವಾಗಿ ತೆಗೆದುಕೊಂಡಿತು. ಗ್ರಾಮದ ಶೇ. 20ರಷ್ಟು ಅಥವಾ ಅದಕ್ಕಿಂತ ಹೆಚ್ಚು ಭೂಮಿ ಸೂಕ್ಷ್ಮ ನೈಸರ್ಗಿಕ ಪ್ರದೇಶವಾಗಿದ್ದರೆ ಗ್ರಾಮ ಪೂರ್ತಿ ಪಟ್ಟಿಗೆ. ಸಿರ್ಸಿ ಸೀಮೆಯ ಭೂಮಿ ನೋಡಿದವರಿಗೆ ಇದರ ತೊಡಕು ತಕ್ಷಣ ಹೊಳೆಯುತ್ತದೆ. ಕಣಿವೆಯಲ್ಲಿ ತೋಟ, ಮೇಲೆ ಬೆಟ್ಟ, ಅದರಾಚೆ ಕಾಡು, ನಡುವೆ ನಾಲ್ಕು ಮನೆ. ಇಲ್ಲಿ ಶೇ. 20 ದಾಟದ ಊರು ಹುಡುಕಬೇಕು. ‘ನಮ್ಮ ಊರನ್ನು ಯಾವ ಲೆಕ್ಕದಲ್ಲಿ ಸೇರಿಸಿದಿರಿ?’ ಅನ್ನುವುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಒಂದು ನಕ್ಷೆ, ಒಂದು ಕೋಷ್ಟಕ. ಭಾಷಣ ಅಲ್ಲ. ಆ ವರದಿ ನಿಷೇಧಿಸಲು ಹೇಳಿದ್ದು ಗಣಿಗಾರಿಕೆ, ಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳನ್ನು. ಮನೆ ಕಟ್ಟೋದನ್ನಲ್ಲ, ಕೃಷಿಯನ್ನಲ್ಲ. ಈ ಒಂದು ಸಾಲನ್ನು ಪಂಚಾಯ್ತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸೋದಕ್ಕೆ ಎಷ್ಟು ಖರ್ಚಾಗುತ್ತಿತ್ತು?

ಆಮೇಲಿನದು ಧಾರಾವಾಹಿ. 2014ರಿಂದ 2024ರ ತನಕ ಕೇಂದ್ರ ಸರ್ಕಾರ ಆರು ಕರಡು ಅಧಿಸೂಚನೆ ಹೊರಡಿಸಿದೆ. ಒಟ್ಟು ಸುಮಾರು 56,800 ಚದರ ಕಿ.ಮೀ., ಅದರಲ್ಲಿ ಕರ್ನಾಟಕದ್ದು 20,668. ಆಕ್ಷೇಪಣೆಗೆ 60 ದಿನ. ಆರನೆಯದು ಬಂದಿದ್ದು 2024ರ ಜುಲೈ 31ರಂದು, ವಯನಾಡಿನ ಭೂಕುಸಿತದ ಮಾರನೆಯ ದಿನ. ಅದಕ್ಕೆ ಎರಡು ವಾರ ಮುಂಚೆ ನಮ್ಮದೇ ಜಿಲ್ಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮತ್ತು ಗಂಗಾವಳಿ ನದಿಯ ಮೇಲೆ ಬಿದ್ದಿತ್ತು. ಸೆಪ್ಟೆಂಬರ್ 26ರಂದು ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ನಡುವೆ 2022ರಲ್ಲಿ, ರಾಜ್ಯಗಳ ಆಕ್ಷೇಪಗಳನ್ನು ಮತ್ತೆ ನೋಡಲು ಕೇಂದ್ರವು ನಿವೃತ್ತ ಅರಣ್ಯ ಮಹಾನಿರ್ದೇಶಕರೊಬ್ಬರ ನೇತೃತ್ವದಲ್ಲಿ ಮತ್ತೊಂದು ಸಮಿತಿ ಮಾಡಿತ್ತು. ಹತ್ತು ವರ್ಷ ಎರಡು ಸರ್ಕಾರಗಳು ಪತ್ರ ಬರೆದುಕೊಂಡಿವೆ. ಜನರಿಗೆ ಕಾಣುವುದು ಎರಡು ತುದಿ: ಅಲ್ಲಿ ಗೆಜೆಟ್, ಇಲ್ಲಿ ಪತ್ರಿಕಾಗೋಷ್ಠಿ. ನಡುವಿನ ವಾದ ಕಾಣುವುದಿಲ್ಲ. ಆದರೆ ನಿಜವಾದ ತೀರ್ಮಾನ ಆಗುವುದು ಆ ನಡುವಿನಲ್ಲೇ.

ಈಗ ಸರ್ಕಾರದ ಕಡೆಯ ವಾದಕ್ಕೂ ಒಂದು ನ್ಯಾಯವಾದ ಕಿವಿ ಕೊಡೋಣ. ಅದು ಪೂರ್ತಿ ಪೊಳ್ಳಲ್ಲ. ಎರಡು ಸರ್ಕಾರಗಳು ಮಾತುಕತೆಗೆ ಕೂತಾಗ ಕೆಲವನ್ನು ಬಿಚ್ಚುಮನಸ್ಸಿನಿಂದ ಹೇಳಬೇಕಾಗುತ್ತದೆ. ‘ಇಷ್ಟು ಕೊಟ್ಟರೆ ನಾವು ಒಪ್ಪುತ್ತೇವೆ’ ಅನ್ನುವ ಕೊನೆಯ ಗೆರೆ ಮೊದಲೇ ಬಹಿರಂಗವಾದರೆ ಚೌಕಾಸಿಯೇ ನಡೆಯದು. ಮಹದಾಯಿಯಂಥ ವಿವಾದದಲ್ಲಿ ಕರ್ನಾಟಕದ ವಕೀಲರು ತಮ್ಮ ಸರ್ಕಾರಕ್ಕೆ ಕೊಟ್ಟ ಸಲಹೆಯನ್ನು ಗೋವಾದವರು ಆರ್‌ಟಿಐ ಹಾಕಿ ತರಿಸಿಕೊಳ್ಳುವ ಹಾಗಿದ್ದರೆ ಅದು ಹುಚ್ಚುತನ. ಬೇರೆ ದೇಶಗಳೂ ಇದನ್ನು ಗುರುತಿಸಿವೆ. ಕೆನಡಾದ ಕಾಯ್ದೆಯ ಸೆಕ್ಷನ್ 14ರಲ್ಲಿ ಫೆಡರಲ್-ಪ್ರಾಂತ್ಯ ವ್ಯವಹಾರಗಳಿಗೆ ವಿನಾಯಿತಿ ಇದೆ. ಬ್ರಿಟನ್ನಿನ 2000ದ ಕಾಯ್ದೆಯ ಸೆಕ್ಷನ್ 28ರಲ್ಲಿ ಲಂಡನ್, ಎಡಿನ್‌ಬರೋ, ಕಾರ್ಡಿಫ್, ಬೆಲ್‌ಫಾಸ್ಟ್ ಸರ್ಕಾರಗಳ ನಡುವಿನ ಸಂಬಂಧಕ್ಕೆ ಇದೆ. ಆಸ್ಟ್ರೇಲಿಯಾದಲ್ಲಿ ಸೆಕ್ಷನ್ 47ಬಿ.

ಆದರೆ ಅಲ್ಲಿ ಒಂದು ವ್ಯತ್ಯಾಸ ಇದೆ. ಆಸ್ಟ್ರೇಲಿಯಾದಲ್ಲಿ ಸಂಬಂಧ ಹಾಳಾಗುತ್ತದೆ ಅಂತ ತೋರಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ, ಕೊಡುವುದು ಸಾರ್ವಜನಿಕ ಹಿತಕ್ಕೆ ವಿರುದ್ಧ ಅಂತಲೂ ತೋರಿಸಬೇಕು. ಬ್ರಿಟನ್ನಿನಲ್ಲೂ ಸಾರ್ವಜನಿಕ ಹಿತದ ತಕ್ಕಡಿಯಲ್ಲಿ ಇಟ್ಟು ತೂಗಲೇಬೇಕು. ಅಂದರೆ ಅಲ್ಲಿ ವಿನಾಯಿತಿ ಕಾನೂನಿನಲ್ಲಿ ಬರೆದಿದೆ, ಆದ್ದರಿಂದ ಅದನ್ನು ಪ್ರಶ್ನಿಸಬಹುದು, ಅದರ ಮೇಲೆ ವಾದ ಮಾಡಬಹುದು. ನಮ್ಮಲ್ಲಿ ಬರೆದಿಲ್ಲ, ಆದರೆ ಬಳಕೆಯಲ್ಲಿದೆ. ಬರೆಯದ ವಿನಾಯಿತಿಯ ಜೊತೆ ವಾದ ಮಾಡೋದು ಹೇಗೆ? ಗೇಟಿಲ್ಲದ ಬೇಲಿ ಅದು, ಬೀಗ ಎಲ್ಲಿದೆ ಅಂತಲೇ ಗೊತ್ತಾಗೋದಿಲ್ಲ.

ಅಂಥ ಬೇಲಿಯ ಕೆಲವು ಗೂಟಗಳನ್ನಾದರೂ ಗುರುತಿಸೋಣ.

ಮೊದಲನೆಯದು ‘ಮೂರನೇ ವ್ಯಕ್ತಿ’. ಆರ್‌ಟಿಐ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಮೂರನೇ ವ್ಯಕ್ತಿ ಅಂದರೆ ಅರ್ಜಿದಾರನನ್ನು ಬಿಟ್ಟು ಬೇರೆಯವರು. ಸಾರ್ವಜನಿಕ ಪ್ರಾಧಿಕಾರವೂ ಅದರಲ್ಲಿ ಸೇರುತ್ತದೆ. ಹಾಗಾಗಿ ಕೇಂದ್ರದ ಫೈಲಿನಲ್ಲಿ ಕರ್ನಾಟಕ ‘ಗೌಪ್ಯ’ ಅಂತ ಗುರುತು ಹಾಕಿ ಕಳಿಸಿದ ಪತ್ರ ಇದ್ದರೆ, ಸೆಕ್ಷನ್ 11ರ ಪ್ರಕಾರ ಕರ್ನಾಟಕಕ್ಕೆ ನೋಟಿಸು ಹೋಗಬೇಕು, ಅದು ಹತ್ತು ದಿನದಲ್ಲಿ ತನ್ನ ಅಭಿಪ್ರಾಯ ಹೇಳಬಹುದು. ಗಮನಿಸಿ, ಸೆಕ್ಷನ್ 11 ಬರೀ ಕೇಳುವ ವಿಧಾನ, ಕೊಡದಿರೋದಕ್ಕೆ ಕಾರಣವಲ್ಲ. ಕಾರಣ ಏನಿದ್ದರೂ ಸೆಕ್ಷನ್ 8 ಮತ್ತು 9ರೊಳಗೆ ಸಿಗಬೇಕು. ‘ರಾಜ್ಯ ಒಪ್ಪಿಲ್ಲ’ ಅಂದಷ್ಟಕ್ಕೆ ಅರ್ಜಿ ಮುಗಿಸಿದರೆ 2002ರ ಕಲಮು ಹಿತ್ತಲ ಬಾಗಿಲಿನಿಂದ ಒಳಗೆ ಬಂದ ಹಾಗೆ.

ಎರಡನೆಯದು ‘ವಿಶ್ವಾಸದ ಸಂಬಂಧ’, ಸೆಕ್ಷನ್ 8(1)(ಇ). ವೈದ್ಯ-ರೋಗಿ, ವಕೀಲ-ಕಕ್ಷಿದಾರನಂಥ ಸಂಬಂಧಕ್ಕೆ ಹೊಂದುವ ಕಲಮು. ರಿಸರ್ವ್ ಬ್ಯಾಂಕು ಇದನ್ನೇ ಹಿಡಿದು ಬ್ಯಾಂಕುಗಳ ತಪಾಸಣಾ ವರದಿ ಕೊಡೋದಿಲ್ಲ ಅಂದಾಗ 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕಾನೂನಿನ ಪ್ರಕಾರ ಪಡೆದ ಮಾಹಿತಿಯನ್ನು ವಿಶ್ವಾಸದಲ್ಲಿ ಪಡೆದದ್ದು ಅನ್ನಲಾಗದು, ರಿಸರ್ವ್ ಬ್ಯಾಂಕಿನ ಕರ್ತವ್ಯ ಜನರ ಕಡೆಗೆ ಅಂತ ಹೇಳಿತು. ಒಂದು ನಿಯಂತ್ರಕ ಸಂಸ್ಥೆ ಮತ್ತು ಬ್ಯಾಂಕಿನ ನಡುವೆಯೇ ಈ ಪರದೆ ನಿಲ್ಲೋದಿಲ್ಲ ಅಂದಮೇಲೆ ಎರಡು ಚುನಾಯಿತ ಸರ್ಕಾರಗಳ ನಡುವೆ ಹೇಗೆ ನಿಂತೀತು?

ಮೂರನೆಯದು ಸಣ್ಣದು, ಆದರೆ ಸುಸ್ತು ಮಾಡುವುದು ಅದೇ. ತಪ್ಪು ಕಚೇರಿಗೆ ಅರ್ಜಿ ಹೋದರೆ ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು ಅಂತ ಸೆಕ್ಷನ್ 6(3) ಹೇಳುತ್ತದೆ. ಕೇಂದ್ರ, ರಾಜ್ಯ ಅಂತ ಭೇದ ಮಾಡುವುದಿಲ್ಲ. ಆದರೆ ಕೇಂದ್ರದ ಸಿಬ್ಬಂದಿ ಇಲಾಖೆ 2008ರ ಜೂನಿನಲ್ಲಿ ಹೊರಡಿಸಿದ ಜ್ಞಾಪನದ ಪ್ರಕಾರ, ಮಾಹಿತಿ ರಾಜ್ಯ ಸರ್ಕಾರಕ್ಕೆ ಸಂಬಂಧಿಸಿದ್ದಾದರೆ ವರ್ಗಾಯಿಸಬೇಕಾಗಿಲ್ಲ, ‘ಅಲ್ಲಿ ಕೇಳಿ’ ಅಂತ ಅರ್ಜಿದಾರನಿಗೆ ತಿಳಿಸಿದರೆ ಸಾಕು. ಮೇಲ್ಮನವಿಗೂ ಎರಡು ಬೇರೆ ಆಯೋಗಗಳು, ದೆಹಲಿಯಲ್ಲೊಂದು, ಬೆಂಗಳೂರಿನಲ್ಲೊಂದು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತ, 150 ಪದ ಮೀರುವಂತಿಲ್ಲ. ಕೇಂದ್ರದ 2012ರ ನಿಯಮದಲ್ಲಿ 500 ಪದದ ಮಿತಿ. ಒಂದೇ ಪತ್ರವ್ಯವಹಾರದ ಎರಡು ತುದಿಗಳಿಗಾಗಿ ಸಿದ್ದಾಪುರದ ಒಬ್ಬ ಮನುಷ್ಯ ಎರಡು ಅರ್ಜಿ, ಎರಡು ನಿಯಮ, ಎರಡು ಮೇಲ್ಮನವಿ ನಿಭಾಯಿಸಬೇಕು. ಯಾರೂ ‘ಇಲ್ಲ’ ಅನ್ನುವುದಿಲ್ಲ. ‘ಇಲ್ಲಿ ಅಲ್ಲ’ ಅನ್ನುತ್ತಾರೆ ಅಷ್ಟೇ.

ನಾಲ್ಕನೆಯದು 2019ರ ತಿದ್ದುಪಡಿ. ಅದರಿಂದ ರಾಜ್ಯ ಮಾಹಿತಿ ಆಯುಕ್ತರ ಅವಧಿ, ಸಂಬಳಗಳನ್ನೂ ಕೇಂದ್ರ ಸರ್ಕಾರವೇ ನಿಗದಿ ಮಾಡುವಂತಾಯಿತು. ಮೊದಲು ಕಾಯ್ದೆಯೇ ಐದು ವರ್ಷ ಅಂದಿತ್ತು, ಈಗ ನಿಯಮದಲ್ಲಿ ಮೂರು. ಕೇಂದ್ರ-ರಾಜ್ಯ ಜಗಳದಲ್ಲಿ ಬೆಂಗಳೂರಿನಲ್ಲಿ ಕೂತು ತೀರ್ಪು ಹೇಳಬೇಕಾದವರ ಸೇವಾ ಷರತ್ತು ಒಂದು ಕಡೆಯವರ ಕೈಗೆ ಹೋಯಿತು. ರಾಜ್ಯದ ಅಧಿಕಾರದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಈ ಒಂದು ಬದಲಾವಣೆಗೆ ಎಷ್ಟು ಗಲಾಟೆ ಮಾಡಿದರು ಅಂತ ನೆನಪು ಮಾಡಿಕೊಳ್ಳಿ.

ಬಹಿರಂಗ ಮಾಡಿದರೆ ಸಂಬಂಧ ಕೆಡುತ್ತದೆ ಅನ್ನುವ ವಾದಕ್ಕೆ ಎದುರಾಗಿ ಎರಡು ಉದಾಹರಣೆ ಕಣ್ಣಮುಂದೆಯೇ ಇವೆ. ಒಂದು, ಜಿಎಸ್‌ಟಿ ಕೌನ್ಸಿಲ್. ಕೇಂದ್ರ ಮತ್ತು ರಾಜ್ಯಗಳು ಹಣದ ಬಗ್ಗೆ ಎದುರುಬದುರು ಕೂತು ವಾದಿಸುವ ಸಾಂವಿಧಾನಿಕ ಸಂಸ್ಥೆ. ಇನ್‌ವಾಯ್ಸ್ ಬರೆಯುವ ನಿಮ್ಮಲ್ಲಿ ಅನೇಕರಿಗೆ ಅದು ಕೊಟ್ಟ ತಲೆನೋವು ಗೊತ್ತೇ ಇದೆ. ಅದರ ಸಭೆಗಳ ನಡಾವಳಿ ತಡವಾಗಿಯಾದರೂ ವೆಬ್‌ಸೈಟಿಗೆ ಬರುತ್ತದೆ. ಯಾವ ರಾಜ್ಯದ ಸಚಿವರು ಏನು ಆಕ್ಷೇಪಿಸಿದರು ಅಂತ ಹೆಸರು ಸಮೇತ ಓದಬಹುದು. ಅದರಿಂದ ಒಕ್ಕೂಟ ಒಡೆದುಹೋಗಲಿಲ್ಲ. ಬಿಸ್ಕತ್ತಿನ ತೆರಿಗೆಯ ವಾದವನ್ನು ಓದಬಹುದು ಅಂದಮೇಲೆ ಬೆಟ್ಟದ ವಾದವನ್ನು ಯಾಕೆ ಓದಬಾರದು?

ಎರಡು, ಕೇರಳ. ಕಸ್ತೂರಿರಂಗನ್ ವರದಿಗೆ ಅಲ್ಲಿ ನಮಗಿಂತ ಜೋರಾದ ವಿರೋಧ ಬಂತು. ಆ ಸರ್ಕಾರ ಉಮ್ಮನ್ ವಿ. ಉಮ್ಮನ್ ಸಮಿತಿ ರಚಿಸಿತು. ಸಮಿತಿ ಜನರ ಅಹವಾಲು ಕೇಳಿತು, ಅದರ ವರದಿ ಎಲ್ಲರಿಗೂ ಓದಲು ಸಿಕ್ಕಿತು, ಊರೂರಿನ ಗಡಿ ಪರಿಶೀಲನೆ ನಡೆಯಿತು. 2014ರ ಮೊದಲ ಕರಡಿನಲ್ಲೇ ಕೇರಳದ ವ್ಯಾಪ್ತಿ 13,108 ಚದರ ಕಿ.ಮೀ.ಯಿಂದ 9,993.7ಕ್ಕೆ ಇಳಿಯಿತು. ಇಳಿದದ್ದು ಘಟ್ಟಕ್ಕೆ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಬೇರೆ ಚರ್ಚೆ, ನನಗೆ ಅನುಮಾನಗಳಿವೆ. ಆದರೆ ಬಹಿರಂಗವಾಗಿ, ಅಂಕಿಅಂಶ ಇಟ್ಟು ವಾದಿಸಿದ ರಾಜ್ಯದ ಮಾತು ಕೇಂದ್ರಕ್ಕೆ ನಾಟಿತು ಅನ್ನುವುದಂತೂ ನಿಜ. ಕರ್ನಾಟಕದ 20,668 ಮಾತ್ರ ಆರನೇ ಕರಡಿನಲ್ಲೂ ಹಾಗೇ ಕೂತಿದೆ. ಗುಟ್ಟಿನಿಂದ ನಮಗೆ ಚೌಕಾಸಿಯ ಲಾಭವೂ ಆಗಿಲ್ಲ ಅಂದಹಾಗಾಯ್ತಲ್ಲ.

ಹಾಗಾದರೆ ಗೆರೆ ಎಲ್ಲಿ ಎಳೆಯೋಣ? ನನ್ನ ಪ್ರಕಾರ ತೀರಾ ಕಷ್ಟದ ಕೆಲಸವಲ್ಲ. ಚೌಕಾಸಿಯ ಕೊನೆಯ ಗೆರೆ, ನಡೆಯುತ್ತಿರುವ ಮೊಕದ್ದಮೆಯ ವಕೀಲರ ಸಲಹೆ, ಇಂಥವು ಮಾತುಕತೆ ಮುಗಿಯೋ ತನಕ ಒಳಗಿರಲಿ. ನಕ್ಷೆ, ಅಳತೆ, ಮಳೆ ಮತ್ತು ಹರಿವಿನ ಲೆಕ್ಕ, ತಜ್ಞರ ವರದಿ, ಊರಿನ ಪಟ್ಟಿ, ಒಂದು ಸರ್ಕಾರ ಇನ್ನೊಂದಕ್ಕೆ ಅಧಿಕೃತವಾಗಿ ಕಳಿಸಿದ ನಿಲುವು, ಇವೆಲ್ಲ ಹೊರಗಿರಲಿ. ನಮ್ಮ ಹೆಸರಿನಲ್ಲಿ ಅವರು ಏನು ಹೇಳಿದರು ಅನ್ನೋದು ನಮಗೆ ಗೊತ್ತಿರಬೇಕು. ಕಾಯ್ದೆಯೂ ಹಾಗೇ ಹೇಳುತ್ತದೆ. ಜನರನ್ನು ತಟ್ಟುವ ಮುಖ್ಯ ನೀತಿ ರೂಪಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ತಾನಾಗಿ ಪ್ರಕಟಿಸಬೇಕು ಅಂತ ಸೆಕ್ಷನ್ 4(1)(ಸಿ). ಪ್ರಚಾರ ಮಾಡುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಅಂತ ಸೆಕ್ಷನ್ 4(4). ಸಂಪುಟದ ತೀರ್ಮಾನವಾಗಿ ವಿಷಯ ಮುಗಿದಮೇಲೆ ಅದರ ಕಾರಣ, ಆಧಾರಗಳನ್ನು ಬಹಿರಂಗ ಮಾಡಬೇಕು ಅಂತ ಸೆಕ್ಷನ್ 8(1)(ಐ). ವಿಷಯ ಇನ್ನೂ ಮುಗಿದಿಲ್ಲ ಅಂತ ಹತ್ತು ವರ್ಷ ಹೇಳಬಹುದು, ಆ ಮಾತು ಬೇರೆ.

ಭಾಷೆಯ ವಿಷಯಕ್ಕೆ ಬಂದರೆ, ಭಾರತದ ಗೆಜೆಟ್ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಬರುತ್ತದೆ. 2020ರಲ್ಲಿ ಪರಿಸರ ಪರಿಣಾಮ ಮೌಲ್ಯಮಾಪನದ ಕರಡು ಬಂದಾಗ ದೆಹಲಿ ಹೈಕೋರ್ಟು ಜೂನ್ 30ರಂದು ಅದನ್ನು ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಅನುವಾದಿಸಿ ಅಂತ ಹೇಳಬೇಕಾಯಿತು. ಕೋರ್ಟು ಹೇಳಿಯೇ ಆಗಬೇಕಾ ಇದು? ಬನವಾಸಿ ಆಳಿದ ಕದಂಬರ ಕಾಲದಲ್ಲೇ ಕನ್ನಡದಲ್ಲಿ ಶಾಸನ ಬರೆಸಿದ್ದರು ಅಂತ ಹಲ್ಮಿಡಿಯನ್ನು ನೆನೆದು ನವೆಂಬರಿನಲ್ಲಿ ಎದೆ ಉಬ್ಬಿಸುತ್ತೇವೆ. ಕಲ್ಲಿನ ಮೇಲೆ ಬರೆಸಿದ್ದು ರಾಜನಿಗೆ ಬೇಕಾದ ಮಾತನ್ನೇ, ಅದರ ಬಗ್ಗೆ ಭ್ರಮೆ ಬೇಡ. ಆದರೆ ಕಲ್ಲನ್ನು ನಿಲ್ಲಿಸಿದ್ದು ಊರಿನಲ್ಲಿ, ದಾನ ಕೊಟ್ಟ ಭೂಮಿ ಯಾರಿಗೆ ಹೋಯಿತು ಅಂತ ಹೇಳಲಿಕ್ಕೆ. ಅಷ್ಟನ್ನಾದರೂ ಈಗಿನವರಿಂದ ಕೇಳಬಹುದು.

ಇದೆಲ್ಲ ಮುಗಿದ ಕತೆಯಲ್ಲ. ಬೇಡ್ತಿ-ವರದಾ ನದಿ ಜೋಡಣೆ ಈಗ ಮುಂದಿದೆ. ಬೇಡ್ತಿ ಯಲ್ಲಾಪುರದ ಕಾಡಿನಲ್ಲಿ ಹರಿದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಸಮುದ್ರ ಸೇರುವ ಹೊಳೆ. ವರದಾ ಬನವಾಸಿಯ ಪಕ್ಕದಲ್ಲಿ ಹರಿಯುವ ಹೊಳೆ. ಪಶ್ಚಿಮಕ್ಕೆ ಹೋಗುವ ನೀರನ್ನು ಪೂರ್ವಕ್ಕೆ, ಬಯಲುಸೀಮೆಗೆ ಕೊಡುವ ಯೋಜನೆ. ಎರಡೂ ನದಿಗಳ ಈ ಭಾಗ ಕರ್ನಾಟಕದ ಒಳಗೇ ಇದೆ, ಆದರೆ ಯೋಜನೆಯ ಅಧ್ಯಯನ ಕೇಂದ್ರದ ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯದು. ಮತ್ತೆ ಅದೇ ನಡು. ಬೇಡ್ತಿಗೆ ಅಣೆಕಟ್ಟು ಕಟ್ಟುವ ಮಾತು ಬಂದಾಗ 1980ರ ದಶಕದ ಆರಂಭದಲ್ಲಿ ಸಿರ್ಸಿಯ ಜನ ತಜ್ಞರನ್ನು ಕರೆಸಿ, ಯೋಜನೆಯ ಲಾಭ-ನಷ್ಟದ ಲೆಕ್ಕ ತಾವೇ ಹಾಕಿ ವಾದಿಸಿದ್ದರು. 1983ರಲ್ಲಿ ಸಲ್ಕಣಿಯಲ್ಲಿ ಅಪ್ಪಿಕೋ ಶುರುವಾದದ್ದೂ ಇದೇ ಸೀಮೆಯಲ್ಲಿ. ಈಗ ಸ್ವರ್ಣವಲ್ಲಿ ಮಠದ ಸ್ವಾಮಿಗಳಿಂದ ಹಿಡಿದು ತೋಟಿಗರ ತನಕ ನದಿ ಜೋಡಣೆಯನ್ನು ವಿರೋಧಿಸುತ್ತಿದ್ದಾರೆ. ಹಾವೇರಿ, ಗದಗ ಕಡೆಯ ರೈತ ನೀರು ಬೇಕು ಅನ್ನುತ್ತಿದ್ದಾನೆ. ಅವನ ಬಾಯಾರಿಕೆ ಸುಳ್ಳಲ್ಲ, ಇವನ ಹೆದರಿಕೆಯೂ ಸುಳ್ಳಲ್ಲ. ಇಬ್ಬರ ನಡುವೆ ಇರಬೇಕಾದದ್ದು ಲೆಕ್ಕ: ಬೇಸಿಗೆಯಲ್ಲಿ ಬೇಡ್ತಿಯಲ್ಲಿ ಎಷ್ಟು ನೀರು ಇರುತ್ತದೆ, ಎತ್ತುವುದಕ್ಕೆ ಎಷ್ಟು ವಿದ್ಯುತ್ತು ಬೇಕು, ಎಷ್ಟು ಕಾಡು ಹೋಗುತ್ತದೆ, ಕೊನೆಗೆ ಯಾವ ಊರಿನ ಹೊಲಕ್ಕೆ ಎಷ್ಟು ಸೇರುತ್ತದೆ. ಈ ಲೆಕ್ಕ ಕನ್ನಡದಲ್ಲಿ, ಎರಡೂ ಜಿಲ್ಲೆಗಳ ಪಂಚಾಯ್ತಿಗಳಲ್ಲಿ ಒಂದೇ ದಿನ ಸಿಗಬೇಕು. ಇಲ್ಲದಿದ್ದರೆ ಘಟ್ಟದ ಮೇಲಿನವರಿಗೊಂದು ‘ಅಡ’, ಬಯಲಿನವರಿಗೊಂದು ‘ಅಂತ’, ನಡುವೆ ಜಗಳ.

ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೂತು ಇದನ್ನು ಓದುತ್ತಿರುವವರು ಏನು ಮಾಡಬಹುದು ಅಂತ ಕೇಳುತ್ತೀರಿ. ಮೆರವಣಿಗೆ ಬೇಡ. ನಿಮ್ಮೂರಿಗೆ ಸಂಬಂಧಿಸಿದ ಒಂದು ಕಾಗದ ಆರಿಸಿಕೊಳ್ಳಿ. ಉದಾಹರಣೆಗೆ, 2014ರಿಂದ ಈಚೆಗೆ ಕರ್ನಾಟಕವು ನಿಮ್ಮ ಗ್ರಾಮದ ಬಗ್ಗೆ ಕೇಂದ್ರಕ್ಕೆ ಕಳಿಸಿದ ಅಭಿಪ್ರಾಯ. ಅರ್ಜಿಗೆ ಹತ್ತು ರೂಪಾಯಿ, ಬೆಂಗಳೂರಿಗೆ ಒಂದು, ದೆಹಲಿಗೆ ಒಂದು. ‘ಕೇಂದ್ರ-ರಾಜ್ಯದ ನಡುವಿನ ವಿಷಯ’ ಅಂತ ಉತ್ತರ ಬಂದರೆ ಮೇಲ್ಮನವಿಯಲ್ಲಿ ಒಂದೇ ಪ್ರಶ್ನೆ ಹಾಕಿ: ಇದು ಸೆಕ್ಷನ್ 8ರ ಯಾವ ಉಪಕಲಮಿನಲ್ಲಿದೆ? ಕಾಗದ ಸಿಕ್ಕಿದರೆ ಅದರಲ್ಲಿರುವುದನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಊರಿನ ವಾಟ್ಸ್ಯಾಪ್ ಗುಂಪಿಗೆ ಹಾಕಿ, ಮೂಲ ಪತ್ರವನ್ನೂ ಜೊತೆಗೆ ಹಾಕಿ. ನಿಮ್ಮ ಅಭಿಪ್ರಾಯ ಬೇಡ, ಅದನ್ನು ಅವರೇ ಮಾಡಿಕೊಳ್ಳುತ್ತಾರೆ. ಘಟ್ಟ ಉಳಿಯಬೇಕು ಅನ್ನುವವನಿಗೂ, ತೋಟ ಉಳಿಯಬೇಕು ಅನ್ನುವವನಿಗೂ ಕೈಯಲ್ಲಿ ಒಂದೇ ಕಾಗದ ಇದ್ದರೆ ಜಗಳವಾದರೂ ನಿಜವಾದ ವಿಷಯಕ್ಕೆ ನಡೆದೀತು.